ಕೈ ಮುಟ್ಟದೆ ಎಂಟು ಗಂಟೆ

ಎಲ್ಲ ರಾದ್ಧಾಂತಕ್ಕೂ ಕಾರಣ ಮೂವತ್ತೊಂದನೇ ಪುಟದ ಅಡಿಯಲ್ಲಿದ್ದ ಮೂರು ಸಾಲು. ಅದೂ ಇರುವೆ ಹರಿದಂಥ ಅಕ್ಷರ. ಎರಡು ವರ್ಷ ದಿನವೂ ಡ್ಯೂಟಿ ಮುಗಿಸಿ ಬಂದು, ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನಾಲ್ಕು ದಪ್ಪ ಪುಸ್ತಕ ಅರೆದು ಕುಡಿದಿದ್ದ ಸಿಸ್ಟರಮ್ಮ, ಆ ತೆಳ್ಳನೆಯ ನಿಯಮಾವಳಿಯನ್ನು ಮಾತ್ರ ತೆರೆದು ನೋಡಿರಲಿಲ್ಲ. ಅದನ್ನು ನೋಡಿದ್ದು ಅವಳ ಗಂಡ. ಯಾವಾಗ? ಪರೀಕ್ಷೆಯ ದಿನ ಬೆಳಿಗ್ಗೆ ಆರೂವರೆಗೆ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು.

"ಲೇ, ಇಲ್ಲೇನೋ ಬರ್ದಿದಾರೆ ನೋಡೇ," ಎಂದು ನೊರೆ ಉಗುಳಿ ಓದಿದ. "'ಪ್ರಾಯೋಗಿಕ ಪರೀಕ್ಷೆಯ ಎಂಟು ಗಂಟೆಗಳ ಅವಧಿಯಲ್ಲಿ ಅಭ್ಯರ್ಥಿಯು ಯಾವ ರೋಗಿಯನ್ನೂ ತಾನೇ ಮುಟ್ಟಿ ಶುಶ್ರೂಷೆ ಮಾಡತಕ್ಕದ್ದಲ್ಲ. ಕೈಕೆಳಗಿನವರಿಂದ ಮಾಡಿಸತಕ್ಕದ್ದು. ಪ್ರಾಣಾಪಾಯದ ಸಂದರ್ಭ ಹೊರತುಪಡಿಸಿ ಮೂರು ಸಲ ಮುಟ್ಟಿದಲ್ಲಿ ಅನುತ್ತೀರ್ಣ.'"

ಸಿಸ್ಟರಮ್ಮನ ಕೈಯಲ್ಲಿದ್ದ ಹಾಲಿನ ಪಾತ್ರೆ ಅಲ್ಲೇ ನಿಂತಿತು. "ಮುಟ್ಟಬಾರದಾ? ನರ್ಸು ರೋಗಿನ ಮುಟ್ಟಬಾರದಾ? ಮೀನಿಗೆ ನೀರು ಮುಟ್ಟಬೇಡ ಅಂದಂಗಾಯ್ತಲ್ರೀ ಇದು!"

"ನೀನು ಓದ್ತಿರೋದು ನರ್ಸಾಗೋಕಲ್ಲ ಕಣೇ, ನಾಯಕಿ ಆಗೋಕೆ. ನಾಯಕಿ ಕೆಲಸ ಮಾಡಲ್ಲ, ಮಾಡಿಸ್ತಾಳೆ."

ಗಂಡ ಹೇಳಿದ್ದು ಸುಳ್ಳಲ್ಲ. ಸಿಸ್ಟರಮ್ಮ ಕಟ್ಟಿದ್ದು ನರ್ಸಿಂಗಿನ ಸ್ನಾತಕೋತ್ತರ ಪದವಿಯ ಪರೀಕ್ಷೆಗೆ. ವಾರ್ಡನ್ನು ಮುನ್ನಡೆಸುವುದು ಹೇಗೆ ಎಂಬುದೇ ಅದರ ಮುಖ್ಯ ಪಾಠ. ಆಸ್ಪತ್ರೆಯಲ್ಲಿ ವಾರ್ಡ್ ಮುಖ್ಯಸ್ಥೆಯ ಹುದ್ದೆ ಒಂದು ವರ್ಷದಿಂದ ಖಾಲಿ ಬಿದ್ದಿತ್ತು. "ಆ ಡಿಗ್ರಿ ಇದ್ದೋರಿಗೇ ಕೊಡೋದು," ಎಂದು ಆಸ್ಪತ್ರೆಯ ಧಣಿಯಾದ ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತು ಪಾಸಾದರೆ ಆ ಹುದ್ದೆ. ಫೇಲಾದರೆ ಇನ್ನೊಂದು ವರ್ಷ ಕಾಯಬೇಕು.

ಅವಳಿಗೆ ಬೇಕಿದ್ದದ್ದು ಅರಮನೆಯಲ್ಲ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಹದಿನಾಲ್ಕು ವರ್ಷ ರಾತ್ರಿ ಪಾಳಿ ಮಾಡಿದವಳಿಗೆ ಹಗಲು ಪಾಳಿ ಬೇಕಿತ್ತು. ಕೂರಲು ಒಂದು ಕುರ್ಚಿ ಬೇಕಿತ್ತು. ಜೊತೆಗೆ ಇನ್ನೊಂದು ಆಸೆ. ಪಾಳಿ ಬದಲಾಗುವಾಗ ನರ್ಸುಗಳು ಕಾರಿಡಾರಿನಲ್ಲೇ ನಿಂತು "ಎಲ್ಲಾ ಸರಿ ಇದೆ" ಎಂದು ಬ್ಯಾಗು ಹೆಗಲಿಗೇರಿಸಿ ಓಡುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಮಂಚದ ಪಕ್ಕ ನಿಂತು, ಆ ರೋಗಿಯ ಎದುರಿಗೇ ಅವನ ಸಂಗತಿಯನ್ನು ಮುಂದಿನವಳಿಗೆ ಒಪ್ಪಿಸಿ ಹೋಗಬೇಕು ಎಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮುಖ್ಯಸ್ಥೆ ಹೇಳಿದರೆ ಕೇಳಲೇಬೇಕಲ್ಲ.

"ಅಭ್ಯಾಸ ಮಾಡ್ಕೋ," ಎಂದ ಗಂಡ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. "ನನ್ನ ನೋಡು. ಇಪ್ಪತ್ತು ವರ್ಷದಿಂದ ಪಕ್ಕದ ಸೀಟಲ್ಲಿ ಕೂತು ಹೇಳ್ತೀನಿ, ಸ್ಟೇರಿಂಗ್ ಮುಟ್ಟಲ್ಲ. ಕೈನ ತೊಡೆ ಕೆಳಗೆ ಇಟ್ಕೊಂಡುಬಿಡ್ತೀನಿ."

"ನಿಮ್ಮ ಕಾಲಡಿ ಇನ್ನೊಂದು ಬ್ರೇಕ್ ಇರತ್ತಲ್ರೀ! ನನ್ನ ಕಾಲಡಿ ಏನಿದೆ?"

"ಈಗ ಹಾಲು ನಾನು ಕಾಯಿಸ್ತೀನಿ. ನೀನು ದೂರ ನಿಂತು ಹೇಳು. ಒಲೆ ಹತ್ರ ಬರಕೂಡದು."

ಸಿಸ್ಟರಮ್ಮ ಕೈಕಟ್ಟಿ ನಿಂತಳು. "ಉರಿ ಸಣ್ಣ ಮಾಡಿ" ಅಂದಳು. ಅವನು ದೊಡ್ಡದು ಮಾಡಿದ. "ರೀ, ಉಕ್ತಿದೆ" ಅಂದಳು. ಅವನು "ಎಲ್ಲಿ?" ಎಂದು ಅವಳ ಮುಖ ನೋಡಿದ. ಹಾಲು ಉಕ್ಕಿ ಒಲೆಯ ಮೇಲಿಂದ ನೆಲಕ್ಕಿಳಿದು ಅವನ ಚಪ್ಪಲಿಯವರೆಗೂ ಬಂತು. ಸಿಸ್ಟರಮ್ಮ ಮುಟ್ಟಲಿಲ್ಲ. ಮುಟ್ಟದೇ ಇದ್ದದ್ದಕ್ಕೆ ಅವಳ ಹತ್ತೂ ಬೆರಳು ನೊಂದವು. ಚಹಾ ಇಲ್ಲದೆ ಮನೆ ಬಿಟ್ಟಳು.

ಅವಳ ಕೈ ಅಂಥ ಕೈ. ಅದಕ್ಕೆ ಅದರದೇ ಬುದ್ಧಿ. ಜಾರಿದ ಹೊದಿಕೆ ಕಂಡರೆ ಎಳೆದು ಸರಿಮಾಡುತ್ತದೆ, ಹಣೆ ಕಂಡರೆ ಜ್ವರ ನೋಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರ ಮಗುವಿನ ಮೂಗನ್ನೂ ಕೇಳದೆ ಒರೆಸಿದ ಕೈ ಅದು. "ಸಿಸ್ಟರಮ್ಮನ ಕೈಗುಣ" ಎಂದರೆ ಸುತ್ತಲ ನಾಲ್ಕು ಬೀದಿಗೆ ಗೊತ್ತು. ಅವಳು ಸೂಜಿ ಚುಚ್ಚಿದ್ದು, ಚುಚ್ಚಿಸಿಕೊಂಡವನಿಗೆ ಮನೆಗೆ ಹೋದ ಮೇಲೆ ಬಿಲ್ಲು ನೋಡಿಯೇ ಗೊತ್ತಾಗಬೇಕು.

ಎಂಟಕ್ಕೆ ಐದು ನಿಮಿಷ ಇರುವಾಗ ವಾರ್ಡಿಗೆ ಬಂದಳು. ಹನ್ನೆರಡು ಮಂಚದ ವಾರ್ಡು, ನಡುವೆ ಹಸಿರು ಪರದೆ. ಈಚೆಗೆ ಗಂಡಸರು, ಆಚೆಗೆ ಹೆಂಗಸರು. ಅವಳ ಕೈಕೆಳಗೆ ಆ ದಿನ ಇಬ್ಬರು ನರ್ಸುಗಳು, ಒಬ್ಬಳು ಆಯಾ. ನರ್ಸುಗಳಲ್ಲಿ ಒಬ್ಬಳು ರೋಗಿಯೊಬ್ಬನನ್ನು ಕರೆದುಕೊಂಡು ಸ್ಕ್ಯಾನಿಂಗಿಗೆಂದು ಇನ್ನೊಂದು ಕಟ್ಟಡಕ್ಕೆ ಹೋದವಳು ಮಧ್ಯಾಹ್ನದವರೆಗೆ ಬರುವಂತಿರಲಿಲ್ಲ. ಉಳಿದವಳು ಕಡ್ಡಿ. ಕೋರ್ಸು ಮುಗಿಸಿ ಏಳು ತಿಂಗಳಾದ, ಬಿರುಗಾಳಿ ಬಂದರೆ ಮಂಚದ ಕಾಲು ಹಿಡಿದುಕೊಳ್ಳಬೇಕಾದಂಥ ಹುಡುಗಿ. ಎಲ್ಲರೂ ಹಾಗೆ ಕರೆಯುತ್ತಿದ್ದುದರಿಂದ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ನಿಯಮದ ಸಂಗತಿ ಕೇಳಿದ್ದೇ ಆಯಾ ಸೊಂಟಕ್ಕೆ ಕೈ ಇಟ್ಟಳು. ಇಪ್ಪತ್ತೈದು ವರ್ಷದಿಂದ ಆ ನೆಲ ಒರೆಸಿದವಳು. ದೊಡ್ಡ ಡಾಕ್ಟರಿಗೂ ಬುದ್ಧಿ ಹೇಳುವಷ್ಟು ಸಲುಗೆ.

"ನೀವೇನೂ ಯೋಚನೆ ಮಾಡ್ಬೇಡಿ ಸಿಸ್ಟರಮ್ಮ. ನಾನಿದ್ದೀನಿ. ನಿಮ್ಮ ಕೈ ಯಾವುದಾದ್ರೂ ಮಂಚದ ಕಡೆ ಹೋಯ್ತೋ, ನಾನು ಕೆಮ್ಮಿಬಿಡ್ತೀನಿ. ಕೆಮ್ಮಿದ ತಕ್ಷಣ ಕೈ ಹಿಂದಕ್ಕೆ."

"ಮರೀಬೇಡ ಆಯಮ್ಮ."

"ಅಯ್ಯೋ, ನನ್ನ ಮಗಳ ಮದುವೇಲೂ ನಾನು ಇಷ್ಟು ಎಚ್ಚರವಾಗಿರಲಿಲ್ಲ, ಸುಮ್ನಿರಿ."

ಸರಿಯಾಗಿ ಎಂಟಕ್ಕೆ ಪರೀಕ್ಷಕಿ ಮೇಡಂ ಬಂದರು. ಎತ್ತರದ ಆಳು, ಬೂದು ಬಣ್ಣದ ಬಟ್ಟೆ, ಬಿಗಿದು ಕಟ್ಟಿದ ತಲೆಗೂದಲು, ಎದೆಗೆ ಒತ್ತಿ ಹಿಡಿದ ಬರೆಯುವ ಪ್ಯಾಡು. ನಗುವನ್ನು ಮನೆಯಲ್ಲೇ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಂತಿತ್ತು ಮುಖ.

"ನಿಯಮ ಓದಿದ್ದೀರಾ?"

"ಓದಿದ್ದೀನಿ ಮೇಡಂ," ಎಂದಳು ಸಿಸ್ಟರಮ್ಮ. ಯಾವಾಗ ಓದಿದ್ದು ಎಂದು ಅವರು ಕೇಳಲಿಲ್ಲ, ಪುಣ್ಯ.

"ಅದನ್ನ ಬರೆದವಳೇ ನಾನು. ಹದಿನಾರು ವರ್ಷದಿಂದ ಪಾಠ ಮಾಡ್ತಿದ್ದೀನಿ. ಹದಿನಾರು ವರ್ಷದಿಂದ ಒಬ್ಬ ರೋಗಿಯ ಹಣೆ ನಾನು ಮುಟ್ಟಿಲ್ಲ. ಈ ತಿಂಗಳ ಕೊನೆಗೆ ರಿಟೈರಾಗ್ತೀನಿ, ಇದು ನನ್ನ ಕೊನೇ ಪರೀಕ್ಷೆ. ನೂರ ಹತ್ತು ಜನ ನನ್ನ ಮುಂದೆ ಈ ಪರೀಕ್ಷೆ ಕೊಟ್ಟಿದ್ದಾರೆ. ಎಪ್ಪತ್ತು ಜನ ದಿಂಬಿನ ಹತ್ರಾನೇ ಬಿದ್ದೋಗಿದ್ದಾರೆ. ಶುರು ಮಾಡಿ."

ಸಿಸ್ಟರಮ್ಮ ಚೆನ್ನಾಗಿಯೇ ಶುರು ಮಾಡಿದಳು. ಪ್ರತಿ ಮಂಚದ ಪಕ್ಕ ನಿಲ್ಲಿಸಿ ರಾತ್ರಿ ಪಾಳಿಯವಳಿಂದ ಒಪ್ಪಿಸಿಕೊಂಡಳು. ಎರಡನೇ ಮಂಚದವನಿಗೆ ರಾತ್ರಿ ಒಂದು ಮಾತ್ರೆ ಕೊಡುವುದು ಬಿಟ್ಟುಹೋಗಿತ್ತು. ಅದು ಅಲ್ಲೇ ಬೆಳಕಿಗೆ ಬಂತು, ಏಕೆಂದರೆ "ಕೊಟ್ಟಿದ್ದೀನಿ" ಎಂದು ಆಕೆ ಹೇಳುತ್ತಿದ್ದಾಗ "ಎಲ್ಲಿ ಕೊಟ್ಯಮ್ಮಾ?" ಎಂದು ಅವನೇ ಕೇಳಿದ. ಮೇಡಂ ಹುಬ್ಬು ಏರಿಸಿ ಏನನ್ನೋ ಬರೆದುಕೊಂಡರು. ಒಳ್ಳೆಯದನ್ನೇ ಬರೆದಿರಬೇಕು ಎಂದು ಸಿಸ್ಟರಮ್ಮನ ಎದೆ ಹಗುರಾಯಿತು.

ಹಗುರಾದ ಎದೆಯಲ್ಲೇ ಪರದೆಯಾಚೆಯ ಐದನೇ ಮಂಚಕ್ಕೆ ಬಂದಳು. ಅಲ್ಲಿ ಸೊಂಟದ ಮೂಳೆ ಮುರಿದ ಅಜ್ಜಿ. ಅಜ್ಜಿಯ ದಿಂಬು ಒಂದು ಗೇಣು ಕೆಳಗೆ ಜಾರಿತ್ತು.

"ಬಂದ್ಯಾ ಮಗಳೇ," ಎಂದಿತು ಅಜ್ಜಿ.

"ಬಂದೆ ಅಜ್ಜಿ," ಎಂದಳು ಸಿಸ್ಟರಮ್ಮ. ಅಷ್ಟು ಹೇಳುವುದರೊಳಗೆ ಅವಳ ಎಡಗೈ ಅಜ್ಜಿಯ ತಲೆಯನ್ನು ಎತ್ತಿ, ಬಲಗೈ ದಿಂಬನ್ನು ಮೇಲಕ್ಕೆಳೆದು, ಒಂದು ಏಟು ಕೊಟ್ಟು ಉಬ್ಬಿಸಿ ಇಟ್ಟಾಗಿತ್ತು.

ಆಮೇಲೆ ಆಯಾ ಕೆಮ್ಮಿದಳು.

"ಒಂದು," ಎಂದರು ಮೇಡಂ. ಪ್ಯಾಡಿನ ಮೇಲೆ ಗೆರೆ ಎಳೆದ ಸದ್ದು ಸಿಸ್ಟರಮ್ಮನಿಗೆ ಮೂಳೆ ಮುರಿದಂತೆ ಕೇಳಿಸಿತು.

ಮೊದಲ ಸಲ ತಡಮಾಡಿದ ತಪ್ಪಿಗೆ ಆಯಾ ಆಮೇಲೆ ಮುಂಚಿತವಾಗಿಯೇ ಕೆಮ್ಮತೊಡಗಿದಳು. ಸಿಸ್ಟರಮ್ಮ ತಿರುಗಿದರೆ ಕೆಮ್ಮು, ಬಗ್ಗಿದರೆ ಕೆಮ್ಮು. ತನ್ನದೇ ಕನ್ನಡಕ ಸರಿಮಾಡಿಕೊಂಡರೂ ಕೆಮ್ಮು. ಕೆಮ್ಮೀ ಕೆಮ್ಮೀ ನಿಜವಾಗಿಯೂ ಗಂಟಲು ಕೆರೆದು, ಆಮೇಲೆ ನಿಲ್ಲಿಸಲೇ ಆಗದಂತಾಯಿತು. ಹಳೆಯ ಪಂಪುಸೆಟ್ಟಿನ ಹಾಗೆ ಹೊಡೆದುಕೊಳ್ಳುತ್ತಿದ್ದವಳನ್ನು ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಈಕೆ ಎಷ್ಟು ದಿನದಿಂದ ಕೆಮ್ತಿದ್ದಾಳೆ?"

"ಇವತ್ತು ಬೆಳಿಗ್ಗೆಯಿಂದ ಮೇಡಂ."

"ಬೆಳಿಗ್ಗೆಯಿಂದ ಈ ಪರಿ? ಇವಳನ್ನ ರೋಗಿಗಳ ಮಧ್ಯೆ ಬಿಟ್ಕೊಂಡಿದ್ದೀರಲ್ಲ, ಏನು ನಾಯಕತ್ವ ಇದು? ಏನು ಮಾಡ್ಬೇಕು ಈಗ?"

ಸಿಸ್ಟರಮ್ಮ ಆಯಾಳ ಮುಖ ನೋಡಿದಳು. ಆಯಾ 'ಬೇಡ, ಬೇಡ' ಎಂದು ಕಣ್ಣಲ್ಲೇ ಅಂಗಲಾಚಿದಳು. ಆದರೆ ಉತ್ತರ ಒಂದೇ ಇತ್ತು. "ಮುಖಕ್ಕೆ ಮಾಸ್ಕ್ ಹಾಕಿ ಎದೆ ಎಕ್ಸ್‌ರೇಗೆ ಕಳಿಸ್ಬೇಕು ಮೇಡಂ."

"ಕಳಿಸಿ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!" ಎಂದು ಕೂಗುತ್ತಲೇ ಆಯಾ ಎಕ್ಸ್‌ರೇ ಕೋಣೆಗೆ ಹೋದಳು. ಸಿಸ್ಟರಮ್ಮನ ಕಾವಲು ಹೋಯಿತು.

ಮೂರನೇ ಮಂಚದಲ್ಲಿ ಮೇಷ್ಟ್ರಿದ್ದರು. ನಿವೃತ್ತ ಹೆಡ್‌ಮಾಸ್ಟರು. ಕರುಳಿನ ಸೋಂಕು, ಬಾಯಿಗೆ ಏನು ಹಾಕಿದರೂ ನಿಲ್ಲುತ್ತಿರಲಿಲ್ಲ. ದೇಹದಲ್ಲಿ ಶಕ್ತಿಯಿಲ್ಲದಿದ್ದರೂ ಮಾತಿಗೆ ಮಾತ್ರ ಬರವಿರಲಿಲ್ಲ. ಅವರ ಮಂಚದ ಪಕ್ಕ ನಿಂತು ಮೇಡಂ ಪ್ರಶ್ನೆ ಕೇಳಿದರು. "ನಾಯಕಿ ತನ್ನ ಕೈಯಿಂದ ಕೆಲಸ ಮಾಡಿದ್ರೆ ಏನು ನಷ್ಟ? ಹೇಳಿ."

ಇದು ಸಿಸ್ಟರಮ್ಮ ಉರು ಹೊಡೆದಿದ್ದ ಪಾಠ. ಉತ್ಸಾಹದಿಂದ ಶುರುಮಾಡಿದಳು. "ನಾಯಕಿ ಒಬ್ಬ ರೋಗಿಯ ಹತ್ರ ಕೈ ಹಾಕಿದ್ರೆ ಉಳಿದ ಹನ್ನೊಂದು ಜನರ ಮೇಲೆ ಕಣ್ಣಿಡೋರು ಇರಲ್ಲ ಮೇಡಂ. ಕಿರಿಯರು ಕಲಿಯೋದೂ ಇಲ್ಲ. ಅದಕ್ಕೇ ನಾಯಕಿ ಆದವಳು ಎಷ್ಟೇ ಆಸೆ ಆದ್ರೂ ತನ್ನ ಕೈನ ಬಿಗಿಹಿಡೀಬೇಕು. ತಾನೇ ಮಾಡ್ಬಿಡೋಣ ಅನ್ನೋದು ಮೊದಲನೇ ಶತ್ರು. ಕಿರಿಯರ ಮೇಲೆ ನಂಬಿಕೆ ಇಡ್ಬೇಕು, ದೂರದಿಂದ ನೋಡ್ಬೇಕು, ಎಪ್ಪತ್ತೆಂಟು."

"ಎಪ್ಪತ್ತೆಂಟು ಏನು?" ಎಂದರು ಮೇಡಂ.

ಸಿಸ್ಟರಮ್ಮ ಕೆಳಗೆ ನೋಡಿದಳು. ಅವಳ ಮೂರು ಬೆರಳು ಮೇಷ್ಟ್ರ ಮಣಿಕಟ್ಟಿನ ಮೇಲೆ ಕೂತು ನಾಡಿ ಎಣಿಸಿ ಮುಗಿಸಿದ್ದವು.

"ಸರಿಯಾಗಿದೆ ಲೆಕ್ಕ," ಎಂದರು ಮೇಷ್ಟ್ರು. "ನಿನ್ನೆ ಎಂಬತ್ತೆರಡಿತ್ತು."

"ಎರಡು," ಎಂದರು ಮೇಡಂ.

ಸಿಸ್ಟರಮ್ಮನಿಗೆ ತನ್ನ ಕೈಗಳನ್ನೇ ಕಚ್ಚಿ ಹಾಕುವಷ್ಟು ಸಿಟ್ಟು ಬಂತು. ಇನ್ನೂ ಗಂಟೆ ಹತ್ತೂವರೆ. ಇನ್ನೊಂದು ಸಲ ಮುಟ್ಟಿದರೆ ಮುಗಿಯಿತು, ಎರಡು ವರ್ಷದ ಓದು ಗಟಾರಕ್ಕೆ. ಅಷ್ಟರಲ್ಲಿ ಆಯಾ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಎಕ್ಸ್‌ರೇ ಹಿಡಿದು, ಎದೆ ಸೆಟೆಸಿಕೊಂಡು ಬಂದಳು. "ಕನ್ನಡಿ ಹಾಗಿದೆಯಂತೆ ನನ್ನ ಎದೆ. ಈ ವಯಸ್ಸಲ್ಲಿ ಇಂಥ ಎದೆ ನೋಡೇ ಇಲ್ಲ ಅಂದ್ರು," ಎಂದವಳು ಸಿಸ್ಟರಮ್ಮನ ಕಣ್ಣಲ್ಲಿ ನೀರು ಕಂಡು ಅವಳನ್ನು ಔಷಧಿ ಕೋಣೆಗೆ ಎಳೆದುಕೊಂಡು ಹೋದಳು.

"ಆಯಮ್ಮ, ಇನ್ನು ಕೆಮ್ಮೋಕಾಗಲ್ಲ. ಕೆಮ್ಮಿದ್ರೂ ಈ ಕೈ ಕೇಳಲ್ಲ. ಒಂದು ಕೆಲಸ ಮಾಡು. ಕಟ್ಟಿಬಿಡು."

"ಏನನ್ನ?"

"ಕೈನ!"

ಆಯಾ ಹಿಂದೆಮುಂದೆ ನೋಡಲಿಲ್ಲ. ನಾಲ್ಕಂಗುಲದ ಬ್ಯಾಂಡೇಜ್ ಸುರುಳಿ ಬಿಚ್ಚಿ, ಸಿಸ್ಟರಮ್ಮನ ಎರಡೂ ಕೈ ಬೆನ್ನ ಹಿಂದೆ ಸೇರಿಸಿ, ಹುಲ್ಲಿನ ಹೊರೆ ಬಿಗಿದಂತೆ ಬಿಗಿದು, ಮೇಲೆ ಬಿಳಿ ಕೋಟನ್ನು ಹೊದಿಸಿ ಗುಂಡಿ ಹಾಕಿದಳು. ಸಿಸ್ಟರಮ್ಮ ಹೊರಗೆ ಬಂದಾಗ ಉದ್ಘಾಟನೆಗೆ ಬಂದ ಗಣ್ಯರ ಗತ್ತು ಅವಳಿಗೆ ತಾನಾಗಿಯೇ ಬಂದಿತ್ತು.

ಆಶ್ಚರ್ಯವೆಂದರೆ ಕೈ ಹೋದ ಮೇಲೆ ಬಾಯಿ ಚುರುಕಾಯಿತು. "ಕಡ್ಡಿ, ಎಂಟನೇ ಮಂಚದ ಬಾಟಲಿ ಮುಗೀತಾ ಬಂತು." "ಆಯಮ್ಮ, ಹನ್ನೊಂದನೆಯವರ ಪಕ್ಕದಲ್ಲಿ ನೀರು ಚೆಲ್ಲಿದೆ, ಜಾರ್ತಾರೆ." ಕೈ ಖಾಲಿ ಇದ್ದುದರಿಂದ ಕಣ್ಣಿಗೆ ಹನ್ನೆರಡು ಮಂಚವೂ ಒಟ್ಟಿಗೆ ಕಾಣತೊಡಗಿದವು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಕಂಡದ್ದು ಅದೇ ಮೊದಲು. ಈ ನಿಯಮ ಬರೆದವರಿಗೆ ತಲೆ ಕೆಟ್ಟಿಲ್ಲ ಎಂದು ಸಿಸ್ಟರಮ್ಮನಿಗೂ ಅನ್ನಿಸಿತು.

ಹನ್ನೊಂದೂಕಾಲಿಗೆ ಮೇಷ್ಟ್ರ ಕೈಯಲ್ಲಿ ಡ್ರಿಪ್ ಸೂಜಿ ಇದ್ದ ಜಾಗ ಊದಿಕೊಂಡಿತು. ತೆಗೆದು ಬೇರೆ ಕಡೆ ಹಾಕಬೇಕು. ಹಾಕಬೇಕಾದವಳು ಕಡ್ಡಿ. ಮೇಷ್ಟ್ರ ರಕ್ತನಾಳಗಳೋ, ತಪಾಸಣೆಗೆ ಬಂದ ಅಧಿಕಾರಿಯನ್ನು ಕಂಡ ನೌಕರರ ಹಾಗೆ ಸೂಜಿ ಕಂಡರೆ ಮಾಯವಾಗುವಂಥವು.

"ಸಿಸ್ಟರಮ್ಮ ಹಾಕ್ಲಿ," ಎಂದರು ಮೇಷ್ಟ್ರು ಕೈ ಹಿಂದಕ್ಕೆಳೆದುಕೊಂಡು.

"ಇವಳೇ ಹಾಕ್ತಾಳೆ ಮೇಷ್ಟ್ರೇ. ನಾನಿಲ್ಲೇ ಇದ್ದೀನಿ."

"ನೀವು ಅಲ್ಲಿದ್ರೆ ನನಗೇನು ಬಂತು ತಾಯಿ? ಸೂಜಿ ಇಲ್ಲಿದೆ!"

"ಕಡ್ಡಿ, ಪಟ್ಟಿ ಬಿಗಿ. ಮೊಣಕೈ ಹತ್ರ ಬೇಡ, ಕೆಳಗೆ ನೋಡು. ಕಣ್ಣಿಂದ ಅಲ್ಲ ಕಣೇ, ಬೆರಳಿಂದ ನೋಡು. ಸಿಕ್ತಾ? ಮೆಲ್ಲಗೆ."

ಕಡ್ಡಿ ಚುಚ್ಚಿದಳು. ಸಿಗಲಿಲ್ಲ. ಮೇಷ್ಟ್ರು "ಅಯ್ಯಪ್ಪಾ" ಎಂದರು. ಇನ್ನೊಂದು ಕೈಗೆ ಚುಚ್ಚಿದಳು. ಸಿಕ್ಕಂತೆ ಆಗಿ ಜಾರಿತು. ಮೇಷ್ಟ್ರು ತಮ್ಮ ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ಮಗುವಿಗೂ ಬೈಯದ ಬೈಗುಳವೊಂದನ್ನು ಬೈದರು. ಕಡ್ಡಿ ಮೂರನೇ ಸೂಜಿಗೆ ಕೈ ಚಾಚಿದಳು.

"ನಿಲ್ಲಿಸು," ಎಂದಳು ಸಿಸ್ಟರಮ್ಮ. "ಎರಡು ಸಲ ಆಯ್ತು. ಮೂರನೇ ಸಲ ಅದೇ ಕೈ ಚುಚ್ಚಬಾರದು. ಬೇರೆಯವರು ಬರ್ಬೇಕು."

ಬೇರೆಯವರು ಯಾರು? ಇನ್ನೊಬ್ಬ ನರ್ಸು ಸ್ಕ್ಯಾನಿಂಗಿನಲ್ಲಿ. ಪಕ್ಕದ ವಾರ್ಡಿಗೆ ಫೋನು ಮಾಡಿಸಿದರೆ "ಇಲ್ಲೂ ಒಬ್ಬಳೇ ಇರೋದು, ಅರ್ಧ ಗಂಟೆ ಬಿಟ್ಟು ಬರ್ತೀನಿ" ಎಂಬ ಉತ್ತರ. ಪ್ರಾಣಾಪಾಯವೇನಲ್ಲ. ಅರ್ಧ ಗಂಟೆ ಕಾದರೆ ಮೇಷ್ಟ್ರು ಸಾಯುವುದಿಲ್ಲ. ಆದರೆ ತುಟಿ ಒಣಗಿ ಬಿರಿದಿತ್ತು, ಎರಡೂ ತೋಳಲ್ಲಿ ಹತ್ತಿ ಒತ್ತಿಕೊಂಡು ಆ ಮನುಷ್ಯ ಶಾಲೆಯ ಮೊದಲ ದಿನದ ಮಗುವಿನ ಹಾಗೆ ಅವಳನ್ನೇ ನೋಡುತ್ತಿದ್ದರು.

ಸಿಸ್ಟರಮ್ಮ ಒಂದು ನಿಮಿಷ ಕಣ್ಣು ಮುಚ್ಚಿದಳು. ಕುರ್ಚಿ, ಹಗಲು ಪಾಳಿ, ಎರಡು ವರ್ಷ, ಸ್ಟೂಲಿನ ಮೇಲಿನ ಕಾಲು, ಎಲ್ಲ ಒಮ್ಮೆ ಕಣ್ಣಮುಂದೆ ಹಾದುಹೋದವು.

"ಹಾಳಾಗ್ಹೋಗ್ಲಿ," ಎಂದಳು. "ಆಯಮ್ಮ, ಬಿಚ್ಚು."

"ಏನು ಬಿಚ್ಚಲಿ?" ಎಂದಳು ಆಯಾ, ಮೇಡಂ ಕಡೆ ಕಣ್ಣು ಹೊರಳಿಸಿ.

"ಬಿಚ್ಚು ಅಂದ್ರೆ ಬಿಚ್ಚು! ಫೇಲಾದ್ರೆ ಆಗ್ತೀನಿ. ಮೇಷ್ಟ್ರ ಕೈ ಜರಡಿ ಆಗೋದು ನನ್ನಿಂದ ನೋಡೋಕಾಗಲ್ಲ."

ಆಯಾ ಕೋಟು ಎತ್ತಿ ಗಂಟಿಗೆ ಕೈ ಹಾಕಿದಳು. ಗಂಟು ಕದಲಲಿಲ್ಲ. ಉಗುರು ಹಾಕಿದಳು, ಹಲ್ಲು ಹಾಕಲು ಹೋದರೆ ಮಾಸ್ಕ್ ಅಡ್ಡ. "ಎಂಥ ಗಂಟು ಹಾಕಿದ್ದೀಯೇ?" ಎಂದು ಸಿಸ್ಟರಮ್ಮ ಗದರಿದಳು. "ಬಿಚ್ಚಬಾರದು ಅಂತ ತಾನೇ ಹಾಕಿಸ್ಕೊಂಡಿದ್ದು!" ಎಂದು ಆಯಾ ತಿರುಗಿ ಗದರಿದಳು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗಾಣದ ಹಾಗೆ ಸುತ್ತತೊಡಗಿದರು.

ಇಷ್ಟು ಹೊತ್ತೂ ಮೇಡಂ ಪೆನ್ನಿನಿಂದ ಪ್ಯಾಡನ್ನು ಟಕಟಕನೆ ಕುಟ್ಟುತ್ತಿದ್ದರು. ಕುಟ್ಟುವುದು ಜೋರಾಯಿತು. ಅವರ ಕಣ್ಣು ಮೇಷ್ಟ್ರ ಎಡ ಮುಂಗೈಯ ಒಂದು ಕಡೆ ನೆಟ್ಟಿತ್ತು. ಮೊದಲು ಅವರ ತೋರುಬೆರಳು ಅಲುಗಿತು. ಆಮೇಲೆ ಹೆಬ್ಬೆರಳು.

"ಇದನ್ನ ಹಿಡ್ಕೊಳಿ," ಎಂದು ಪ್ಯಾಡನ್ನು ಸಿಸ್ಟರಮ್ಮನ ಕಡೆ ಚಾಚಿದರು. ಹಿಡಿದುಕೊಳ್ಳಲು ಕೈಯೇ ಇಲ್ಲದ್ದು ಕಂಡು ಅವಳ ಕಂಕುಳಿಗೆ ತುರುಕಿದರು. ತೋಳು ಮೇಲೇರಿಸಿ, ಕೈ ತೊಳೆದು, ಗವಸು ಹಾಕಿ, ಕಡ್ಡಿಯನ್ನು ಪಕ್ಕಕ್ಕೆ ಸರಿಸಿ ಕೂತರು. ಎರಡು ಬೆರಳಲ್ಲಿ ಮುಂಗೈ ತಡವಿದರು. ಚುಚ್ಚಿದರು. ಒಂದೇ ಸಲಕ್ಕೆ ಸೂಜಿಯ ಬುಡದಲ್ಲಿ ಕೆಂಪಗೆ ರಕ್ತ ಇಣುಕಿತು.

"ಚುಚ್ಚಿದ್ರಾ?" ಎಂದರು ಕಣ್ಣು ಮುಚ್ಚಿಕೊಂಡಿದ್ದ ಮೇಷ್ಟ್ರು.

ಮೇಡಂ ತಮ್ಮ ಕೈಯನ್ನೇ ನೋಡುತ್ತಿದ್ದರು, ಎಷ್ಟೋ ವರ್ಷದ ಹಿಂದೆ ಮನೆ ಬಿಟ್ಟು ಹೋದ ಮಗ ಬಾಗಿಲಲ್ಲಿ ನಿಂತಿದ್ದಾನೆ ಎಂಬಂತೆ. ಬೀರುವಿನ ಬೀಗ ತೆಗೆದು ನಗು ಹೊರಗೆ ಬಂತು.

"ಕಡ್ಡಿ, ಬಾ ಇಲ್ಲಿ. ನಿನ್ನ ಬೆರಳಿಡು. ಹೀಗೆ ಪುಟಿಯುತ್ತಲ್ಲ, ಇದು," ಎಂದು ತೋರಿಸಿದರು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾಲ್ಕನೆಯವನ ಬ್ಯಾಂಡೇಜು ಸಡಿಲವಾಗಿದೆ ಎಂದು ಅಲ್ಲಿಗೆ ಹೋದರು. ಆರನೇ ಮಂಚದ ಹಾಸಿಗೆಯ ಮೂಲೆ ಸರಿಯಿಲ್ಲ ಎಂದು ಅದನ್ನು ಎಳೆದರು. ಹದಿನಾರು ವರ್ಷ ಉಪವಾಸವಿದ್ದವರು ಊಟದೆಲೆಯ ಮುಂದೆ ಕೂತಂತಿತ್ತು.

ಸಿಸ್ಟರಮ್ಮನೊಳಗಿನ ನಾಯಕಿ ಎಚ್ಚೆತ್ತಳು. ವಾರ್ಡಿನಲ್ಲಿ ಒಂದು ಜೊತೆ ಕೈ ಕಡಿಮೆ ಇತ್ತು, ಈಗ ಒಂದು ಜೊತೆ ಪಳಗಿದ ಕೈ ಸಿಕ್ಕಿದೆ. ಬಿಡುವುದುಂಟೇ?

"ಮೇಡಂ, ಮೊದಲು ಐದನೇ ಮಂಚ. ಅಜ್ಜಿಯ ಮಗ್ಗುಲು ಬದಲಿಸೋ ಹೊತ್ತಾಯ್ತು. ಕಡ್ಡಿ, ನೀನು ಕಾಲ ಕಡೆ ಹಿಡ್ಕೊ. ಮೇಡಂ, ಬೆನ್ನು ಕೆಂಪಾಗಿದೆಯಾ ನೋಡಿ."

"ಸ್ವಲ್ಪ ಕೆಂಪಾಗಿದೆ," ಎಂದರು ಮೇಡಂ.

"ಹಾಗಾದ್ರೆ ಎರಡು ಗಂಟೆ ಬೇಡ, ಒಂದು ಗಂಟೆಗೊಂದ್ಸಲ ಬದಲಿಸಿ. ಬರ್ಕೊಳಿ."

"ಆಯ್ತು ಸಿಸ್ಟರ್," ಎಂದುಬಿಟ್ಟರು ಮೇಡಂ.

ಅಜ್ಜಿ ಕಡ್ಡಿಯ ಕಿವಿಯಲ್ಲಿ, "ಯಾರೇ ಈ ಹೊಸ ಹುಡುಗಿ? ಒಳ್ಳೇ ಕೈ ಕಣೇ," ಎಂದಿತು.

ಒಂದೂವರೆಗೆ ದೊಡ್ಡ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತರು. ಒಳಗೆ ಗುರುತಿಲ್ಲದ ಹೆಂಗಸೊಬ್ಬರು ತೋಳೇರಿಸಿ, ಬೆವರು ಸುರಿಸಿ ಮಂಚದಿಂದ ಮಂಚಕ್ಕೆ ಓಡುತ್ತಿದ್ದರು. ಕಡ್ಡಿ ಅವರ ಹಿಂದೆ ಓಡುತ್ತಿದ್ದಳು. ನಡುಮಧ್ಯದಲ್ಲಿ ಸಿಸ್ಟರಮ್ಮ ಕೈ ಬೆನ್ನ ಹಿಂದೆ ಇಟ್ಟು, ಕಂಕುಳಲ್ಲಿ ಪ್ಯಾಡು ಸಿಕ್ಕಿಸಿಕೊಂಡು ನಿಂತು ಹುಕುಂ ಕೊಡುತ್ತಿದ್ದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತು ನಿಮಿಷ ನೋಡಿದರು. ಆಯಾಳನ್ನು ಕರೆದು ಏನೋ ಕೇಳಿ, ತಲೆದೂಗಿಕೊಂಡು ಹೊರಟುಹೋದರು.

ಸಿಸ್ಟರಮ್ಮ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದಳು. ನೋಡಲಿ. ತಾನು ಹೇಗೆ ವಾರ್ಡು ನಡೆಸುತ್ತೇನೆಂದು ಧಣಿ ಕಣ್ಣಾರೆ ನೋಡಲಿ.

ಮೂರು ಗಂಟೆಗೆ ಡಾಕ್ಟರು ಮೇಡಂರನ್ನು ಚಹಾಕ್ಕೆ ಕರೆಸಿಕೊಂಡರು. ಅಷ್ಟರಲ್ಲಿ ಆಯಾ ಕತ್ತರಿ ತಂದು ಗಂಟನ್ನು ಕತ್ತರಿಸಿದಳು. ಮೇಡಂ ಹಿಂತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಕೊನೆಯ ಪರೀಕ್ಷೆ, ಪಾಪ, ಎಂದುಕೊಂಡಳು ಸಿಸ್ಟರಮ್ಮ.

ನಾಲ್ಕು ಹೊಡೆಯಿತು. ಮೇಡಂ ಪ್ಯಾಡು ತೆಗೆದುಕೊಂಡು ಬರೆದು, ಸಹಿ ಹಾಕಿದರು.

"ಮುಟ್ಟಿದ್ದು ಎರಡು ಸಲ. ತಲಾ ಐದು ಅಂಕ ಕಳೆದಿದ್ದೀನಿ. ಕೈ ಕಟ್ಟಿಸ್ಕೊಳ್ಳಬಹುದು ಅಂತ ನಿಯಮದಲ್ಲಿಲ್ಲ, ಬಾರದು ಅಂತಲೂ ಇಲ್ಲ. 'ಬಿಚ್ಚು' ಅಂದ್ರಲ್ಲ, ಅಲ್ಲಿ ನಿಮಗೆ ಪೂರ್ತಿ ಅಂಕ. ನೂರಕ್ಕೆ ತೊಂಬತ್ತು. ನೂರ ಹನ್ನೊಂದು ಜನರಲ್ಲಿ ಇದೇ ಹೆಚ್ಚು. ಪರೀಕ್ಷೆ ಮಾಡೋಕೆ ಬಂದವಳನ್ನೇ ದುಡಿಸಿದ್ರಿ ನೋಡಿ, ಅದು ನಾಯಕತ್ವ."

ಕಡ್ಡಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಮಲಗಿದಲ್ಲಿಂದಲೇ "ಭೇಷ್!" ಎಂದರು. ಸಿಸ್ಟರಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ಕರೆಯುತ್ತಿದ್ದಾರೆ ಎಂದು ಫೋನು ಬಂತು.

"ಬನ್ನಿ ಸಿಸ್ಟರ್, ಕೂತ್ಕೊಳಿ," ಎಂದರು ಡಾಕ್ಟರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕೂರು ಎಂದದ್ದು ಇದೇ ಮೊದಲು. ಅರ್ಧ ಕುರ್ಚಿಯಲ್ಲಿ ಕೂತಳು.

"ತೊಂಬತ್ತಂತೆ! ಆಸ್ಪತ್ರೆಗೇ ಹೆಮ್ಮೆ. ಇನ್ನೊಂದು ಸಂತೋಷದ ಸುದ್ದಿ. ಮುಖ್ಯಸ್ಥೆ ಹುದ್ದೆಗೆ ಇವತ್ತೇ ಸರಿಯಾದ ಆಳು ಸಿಕ್ಕಿಬಿಟ್ರು."

"ತುಂಬ ಉಪಕಾರ ಆಯ್ತು ಸ್ಸಾರ್," ಎಂದು ಸಿಸ್ಟರಮ್ಮ ಕೈ ಮುಗಿದಳು.

"ಉಪಕಾರ ನಾನು ಹೇಳ್ಬೇಕು ನಿಮಗೆ. ನೀವು ಪರೀಕ್ಷೆ ಕಟ್ಟದೇ ಇದ್ದಿದ್ರೆ ಆ ಮೇಡಂ ನಮ್ಮ ಆಸ್ಪತ್ರೆಗೆ ಯಾಕೆ ಕಾಲಿಡ್ತಿದ್ರು?"

ಸಿಸ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅರ್ಧ ಕುರ್ಚಿಯೂ ಜಾರಿದಂತಾಯಿತು.

"ಸ್ಸಾರ್, ಅದು ನನಗೆ ಅಂತ..."

"ಮಧ್ಯಾಹ್ನ ನಾನೇ ಕಣ್ಣಾರೆ ನೋಡಿದ್ನಲ್ಲ ಸಿಸ್ಟರ್. ಎಂಥ ಕೆಲಸಗಾರ್ತಿ! ಈ ತಿಂಗಳಾದ್ಮೇಲೆ ಮನೇಲಿ ಕೂತು ಏನ್ಮಾಡ್ತೀರಿ, ಬನ್ನಿ ಅಂದೆ. ಅತ್ತೇಬಿಟ್ರು ಪಾಪ."

"ಸ್ಸಾರ್, ನಾನೂ ಕೆಲಸ ಮಾಡೋಳೇ! ಇವತ್ತು ಮುಟ್ಟಬಾರದು ಅಂತ ನಿಯಮ ಇತ್ತು. ಅದಕ್ಕೇ ಸುಮ್ನೆ ನಿಂತಿದ್ದೆ."

"ಗೊತ್ತು, ಗೊತ್ತು. ಆಯಾ ಎಲ್ಲ ಹೇಳಿದ್ಲು. ಆದ್ರೆ ಡಿಗ್ರಿ ಇದ್ದೋರಿಗೇ ಹುದ್ದೆ ಅಂದಿದ್ದೆ. ಆಕೆದು ನಿಮಗಿಂತ ದೊಡ್ಡ ಡಿಗ್ರಿ. ನಿಮ್ಮನ್ನ ಪಾಸ್ ಮಾಡಿದ್ದೇ ಆಕೆ. ಆಕೆ ಯೋಗ್ಯತೆ ಮೇಲೆ ನಿಮಗೆ ಅನುಮಾನ ಇದ್ಯಾ? ಇದ್ರೆ ಹೇಳಿ. ಆಕೆ ಕೊಟ್ಟ ಅಂಕದ ಮೇಲೂ ನಾನು ಅನುಮಾನ ಪಡ್ತೀನಿ."

ಹತ್ತೂವರೆಯಿಂದ ಕಟ್ಟಿದ್ದ ಸಿಸ್ಟರಮ್ಮನ ಕೈ ಬಿಚ್ಚಿತ್ತು, ಈಗ ಬಾಯಿ ಕಟ್ಟಿತು.

"ನಿಮ್ಮನ್ನ ಕೈಬಿಡ್ತೀನಾ?" ಎಂದರು ಡಾಕ್ಟರು ಕಾಗದವೊಂದನ್ನು ಮುಂದೆ ತಳ್ಳಿ. "ಹೊಸ ಮುಖ್ಯಸ್ಥೆಯವರೇ ನಿಮಗಾಗಿ ಕೇಳಿ ಒಂದು ಹುದ್ದೆ ಮಾಡಿಸಿದ್ದಾರೆ. ಇಂಥ ನಾಯಕಿ ಸುಮ್ನೆ ನರ್ಸಾಗಿ ಇರಬಾರದು, ಸ್ವತಂತ್ರವಾಗಿ ವಾರ್ಡ್ ನಡೆಸ್ಬೇಕು ಅಂದ್ರು. ಓದ್ಕೊಳಿ."

ಸಂಜೆ ಗೇಟಿನ ಬಳಿ ಗಂಡ ಡ್ರೈವಿಂಗ್ ಶಾಲೆಯ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹೆಂಡತಿ ಕಾಗದ ಹಿಡಿದು ಬರುವುದನ್ನು ಕಂಡು ಓಡಿ ಬಂದ.

"ಪಾಸಾ?"

"ಪಾಸು. ತೊಂಬತ್ತು."

"ಭಲೇ! ಮತ್ತೆ ಹುದ್ದೆ?"

ಅವಳು ಕಾಗದ ಕೊಟ್ಟಳು. ಅವನು ಗಟ್ಟಿಯಾಗಿ ಓದಿದ. "'ನಾಳೆಯಿಂದ ಜಾರಿಗೆ ಬರುವಂತೆ ನಿಮ್ಮನ್ನು ರಾತ್ರಿ ಪಾಳಿಯ ಮುಖ್ಯಸ್ಥೆಯನ್ನಾಗಿ ನೇಮಿಸಲಾಗಿದೆ.' ಹೇಳ್ಲಿಲ್ವೇನೇ ನಾನು! ಮುಖ್ಯಸ್ಥೆ ಅಂದ್ರೆ ಮುಖ್ಯಸ್ಥೆ, ರಾತ್ರಿಯಾದ್ರೇನು, ಹಗಲಾದ್ರೇನು! ಹೇಳಿದ ಕೆಲಸ ಮಾಡೋಕೆ ನಿನಗೆ ಎಷ್ಟು ಜನರನ್ನ ಕೊಟ್ಟಿದ್ದಾರೆ?"

ಸಿಸ್ಟರಮ್ಮ ಬ್ಯಾಂಡೇಜಿನ ಗುರುತು ಇನ್ನೂ ಕೆಂಪಗಿದ್ದ ತನ್ನ ಎರಡು ಕೈಗಳನ್ನು ಅವನ ಮುಖದ ಮುಂದೆ ಚಾಚಿದಳು.

"ಇವೆರಡೇ," ಎಂದಳು.